ಕಲ್ಲುಕ್ವಾರಿಯಲ್ಲಿ ಕಾಡು

ನಮ್ಮ ಬಯಲುಸೀಮೆಯ ಕೆರೆಯಂಗಳಗಳನ್ನು ನುಂಗಿರುವ ಬಳ್ಳಾರಿ ಜಾಲಿಗೆ ದೆಹಲಿ ಸೀಮೆಯಲ್ಲಿ ವಿಲಾಯತಿ ಕೀಕರ್ ಎಂಬ ಹೆಸರಿದೆ. ಅಮೆರಿಕ ಖಂಡದ ಈ ಮುಳ್ಳುಗಿಡವನ್ನು ದೆಹಲಿಯ ಬೋಳುಗುಡ್ಡಗಳಿಗೆ ತಂದವರು ಬ್ರಿಟಿಷರು. ಬೇಗ ಹಸಿರು ಕಾಣಬೇಕೆಂಬ ಆತುರ! ಹಸಿರೇನೋ ಬಂತು, ಆದರೆ ಅದರ ನೆರಳಿನಲ್ಲಿ ಈ ಗುಡ್ಡಗಳು ಸೇರಿರುವ ಅರಾವಳಿ ಬೆಟ್ಟಸಾಲಿನ ಸ್ವಂತ ಗಿಡಗಳು ತಲೆ ಎತ್ತುವುದು ಕಷ್ಟವಾಯಿತು. ದೆಹಲಿಗೆ ಅಂಟಿಕೊಂಡ ಹರಿಯಾಣದ ಗುರುಗ್ರಾಮದ ಅಂಚಿನಲ್ಲಿ ಕಲ್ಲುಕ್ವಾರಿಗಳೂ ಸೇರಿಕೊಂಡವು. 2002ರಲ್ಲಿ ಸುಪ್ರೀಂ ಕೋರ್ಟ್ ಹರಿಯಾಣದ ಅರಾವಳಿಯಲ್ಲಿ ಗಣಿಗಾರಿಕೆಗೆ ತಡೆ ಹಾಕುವ ಹೊತ್ತಿಗೆ ಅಲ್ಲಿ ಉಳಿದಿದ್ದದ್ದು ಗುಂಡಿ ಮತ್ತು ಜಾಲಿ.

ಅಂಥ ಸುಮಾರು 390 ಎಕರೆಯಲ್ಲಿ 2010ರ ಜೂನ್ 5ರಂದು ಅರಾವಳಿ ಜೀವವೈವಿಧ್ಯ ಉದ್ಯಾನ ಆರಂಭವಾಯಿತು. ನಗರಪಾಲಿಕೆಯ ಜೊತೆ ಕೈಜೋಡಿಸಿದ್ದು ‘ಐ ಆಮ್ ಗುರ್‌ಗಾಂವ್’ ಎಂಬ ನಾಗರಿಕರ ಗುಂಪು. ಪರಿಸರ ದಿನದಂದು ಸಸಿ ನೆಟ್ಟು ಫೋಟೊ ತೆಗೆಸಿಕೊಂಡು ಮರುದಿನ ಮರೆಯುವುದು ನಮ್ಮ ಊರುಗಳಲ್ಲಿ ಹೊಸದಲ್ಲ. ಇಲ್ಲಿಯ ಹಾದಿ ಬೇರೆಯಾಗಿದ್ದು ಒಂದು ಪ್ರಶ್ನೆಯಿಂದ: ಈ ಕಲ್ಲಿಗೆ ಹುಟ್ಟಿದ ಮರ ಯಾವುದು?

ಉತ್ತರ ಸಿಕ್ಕಿದ್ದು ಅಳಿದುಳಿದ ಕಾಡಿನ ತುಣುಕುಗಳಲ್ಲಿ. ಹತ್ತಿರದ ಮಾಂಗರ್ ಬನಿ ಗುದಡಿಯಾ ದಾಸ್ ಬಾಬಾ ಎಂಬ ಸಂತನ ಹೆಸರಿನ ಪವಿತ್ರ ವನ. ಅಲ್ಲಿ ಹಳ್ಳಿಗರು ಕೊಂಬೆ ಮುರಿಯುವುದಿಲ್ಲ. ನಮ್ಮ ಕೊಡಗಿನ ದೇವರಕಾಡಿನ ನಂಟನೆನ್ನಬಹುದು. ಬಂಡೆಯ ಬಿರುಕಿನಲ್ಲೂ ಬೇರಿಳಿಸುವ ಧೌ ಅಲ್ಲಿನ ಮುಖ್ಯ ಮರ, ನಮ್ಮ ದಿಂಡಿಗದ ಒಡಹುಟ್ಟು. ಇಂಥ ಸಸಿಗಳನ್ನು ಅಂಗಡಿಯ ನರ್ಸರಿಯಲ್ಲಿ ಹುಡುಕಿ ಫಲವಿಲ್ಲ. ಸಸ್ಯಗಳ ಮರುಸ್ಥಾಪನೆಯ ಹೊಣೆ ಹೊತ್ತ ವಿಜಯ್ ಧಸ್ಮಾನಾ ಮತ್ತು ಅವರ ತಂಡ ಅರಾವಳಿಯ ಕಾಡುಗಳಿಂದ ಬೀಜ ತಂದು ಉದ್ಯಾನದಲ್ಲೇ ಸಸಿ ಬೆಳೆಸಿತು. ಮಳೆಗಾಲ ಬಂದಾಗ ಶಾಲಾ ಮಕ್ಕಳು, ಕಚೇರಿ ನೌಕರರು, ಸುತ್ತಲಿನ ನಿವಾಸಿಗಳು ಬಂದು ನೆಟ್ಟರು. ಮಕ್ಕಳ ಮಟ್ಟಿಗೆ ಇದು ವಿಜ್ಞಾನದ ಪಾಠಕ್ಕಿಂತ ದೊಡ್ಡ ಪಾಠ ಎಂದು ನನ್ನ ಎಣಿಕೆ. ಎಲ್ಲ ಹಸಿರೂ ಒಂದೇ ಅಲ್ಲವೆಂಬುದು ಜಾಲಿಯನ್ನೂ ಧೌ ಸಸಿಯನ್ನೂ ಅಕ್ಕಪಕ್ಕ ನೋಡಿದಾಗ ಮನಸ್ಸಿಗೆ ಇಳಿಯುವಷ್ಟು ಪುಸ್ತಕದಿಂದ ಇಳಿಯುವುದಿಲ್ಲ.

ನಡುವೆ ಉದ್ಯಾನವನ್ನು ಸೀಳಿಕೊಂಡು ಹೆದ್ದಾರಿ ಹಾಯಿಸುವ ಪ್ರಸ್ತಾವವೂ ಬಂತು. ನಗರದ ಜನ ಪ್ರತಿಭಟನೆಗೆ ಇಳಿದರು. ವರ್ಷಗಟ್ಟಲೆ ಮಣ್ಣು ಮುಟ್ಟಿದವರಿಗೆ ಅದು ನಕ್ಷೆಯ ಮೇಲಿನ ಖಾಲಿ ಜಾಗವಾಗಿ ಉಳಿದಿರಲಿಲ್ಲ. 2022ರ ಫೆಬ್ರುವರಿ 2ರಂದು, ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳ ಹೊರಗಿದ್ದೂ ಜೀವವೈವಿಧ್ಯ ಕಾಯುವ ತಾಣವೆಂಬ ಮನ್ನಣೆ ದೇಶದಲ್ಲೇ ಮೊದಲಿಗೆ ಇದಕ್ಕೆ ದೊರೆಯಿತು. ಧೌ ನಿಧಾನವಾಗಿ ಬೆಳೆಯುವ ಮರ. ಅಂದು ಅದನ್ನು ನೆಟ್ಟ ಮಕ್ಕಳು ಈಗ ಕಾಲೇಜು ದಾಟಿದ್ದಾರೆ. ಮರಕ್ಕಿನ್ನೂ ಎಳೆಯ ಪ್ರಾಯ.