ಒಂದು ಸೆಕ್ಟ್‌ಗೆ 4 ಯೂರೋ, ಇನ್ನೊಂದಕ್ಕೆ 18: ಈ ಅಂತರ ಏಕೆ?

ಪ್ರಶ್ನೆ: ಜರ್ಮನಿಯ ಅಂಗಡಿಗಳಲ್ಲಿ ಒಂದು ಬಾಟಲಿ ಸೆಕ್ಟ್, ಅಂದರೆ ಅಲ್ಲಿನ ಗುಳ್ಳೆಯುಕ್ಕುವ ವೈನ್, 4 ಯೂರೋಗೆ ಸಿಗುತ್ತದೆ. ಅದೇ ಕಪಾಟಿನಲ್ಲಿರುವ, ರೀಸ್ಲಿಂಗ್ ಎಂದು ಬರೆದಿರುವ ಇನ್ನೊಂದಕ್ಕೆ 18 ಯೂರೋ ಬೆಲೆಯಿರುತ್ತದೆ. ರೀಸ್ಲಿಂಗ್ ಅಷ್ಟೊಂದು ದುಬಾರಿ ದ್ರಾಕ್ಷಿಯೇ?

ಉತ್ತರ: ಅಲ್ಲ. ರೀಸ್ಲಿಂಗ್ ಜರ್ಮನಿಯಲ್ಲಿ ಅತಿ ಹೆಚ್ಚು ಪ್ರದೇಶದಲ್ಲಿ, ಸುಮಾರು 24,000 ಹೆಕ್ಟೇರ್‌ಗಳಲ್ಲಿ, ಬೆಳೆಯುವ ವೈನ್ ದ್ರಾಕ್ಷಿ. 4 ಯೂರೋ ಆಸುಪಾಸಿನಲ್ಲೂ ರೀಸ್ಲಿಂಗ್ ಸೆಕ್ಟ್ ಸಿಗುವುದುಂಟು. ಬೆಲೆಯನ್ನು ಮುಖ್ಯವಾಗಿ ನಿರ್ಧರಿಸುವ ಸಂಗತಿಗಳು ಬೇರೆ: ದ್ರಾಕ್ಷಿ ಯಾರ ತೋಟದ್ದು, ವೈನಿನೊಳಗಿನ ಗುಳ್ಳೆ ಎಲ್ಲಿ ಹುಟ್ಟಿತು, ಮತ್ತು ಆ ವೈನ್ ಎಷ್ಟು ಕಾಲ ಮಾರಾಟವಾಗದೆ ನೆಲಮಾಳಿಗೆಯಲ್ಲಿ ಉಳಿಯಿತು.

ಕೇವಲ 'ಸೆಕ್ಟ್' ಎಂದು ಬರೆದ ಬಾಟಲಿಯಲ್ಲಿರುವುದು ಜರ್ಮನಿಯ ದ್ರಾಕ್ಷಿಯೇ ಆಗಿರಬೇಕೆಂಬ ನಿಯಮವಿಲ್ಲ. ದೊಡ್ಡ ಕಂಪನಿಗಳು ಇಟಲಿ, ಸ್ಪೇನ್, ಫ್ರಾನ್ಸ್‌ಗಳಿಂದ ಅಗ್ಗದ ಮೂಲ ವೈನನ್ನು ಟ್ಯಾಂಕರುಗಳಲ್ಲಿ ತರಿಸಿ, ಜರ್ಮನಿಯಲ್ಲಿ ಅದಕ್ಕೆ ಗುಳ್ಳೆ ಬರಿಸಿ ಮಾರುತ್ತವೆ. ಇದು ಸಂಪೂರ್ಣ ಕಾನೂನುಬದ್ಧ. 'ರೀಸ್ಲಿಂಗ್' ಎಂದು ಸೇರಿಸಿದರೆ ಕನಿಷ್ಠ ಶೇ. 85ರಷ್ಟು ಅದೇ ತಳಿ ಇರಬೇಕು, ಆದರೆ ಆ ಪದ ದೇಶವನ್ನು ಹೇಳುವುದಿಲ್ಲ. ದ್ರಾಕ್ಷಿ ಜರ್ಮನಿಯದ್ದೇ ಎಂಬ ಖಾತರಿ 'ಡಾಯ್ಚರ್ ಸೆಕ್ಟ್' ಎಂಬುದರಿಂದ ಸಿಗುತ್ತದೆ, 'ಸೆಕ್ಟ್ ಬಿ. ಎ.' (ನಿರ್ದಿಷ್ಟ ಪ್ರದೇಶದ ಸೆಕ್ಟ್) ಎಂದಿದ್ದರೆ ಮೋಸೆಲ್, ರೈನ್‌ಗೌ, ಫಾಲ್ಟ್ಸ್ ಮೊದಲಾದ 13 ಅಧಿಕೃತ ಪ್ರದೇಶಗಳಲ್ಲೊಂದರ ಹೆಸರೂ ಜೊತೆಗಿರುತ್ತದೆ. ಇನ್ನೂ ಮುಂದೆ ಹೋದರೆ 'ವಿನ್‌ಝರ್‌ಸೆಕ್ಟ್', ಅಂದರೆ ಬೆಳೆಗಾರರು ತಮ್ಮದೇ ದ್ರಾಕ್ಷಿಯಿಂದ ಮಾಡಿದ ಸೆಕ್ಟ್. ಇದರ ಚೀಟಿಯ ಮೇಲೆ ತಳಿ, ಕೊಯ್ಲಿನ ವರ್ಷ ಮತ್ತು ತಯಾರಕರ ಹೆಸರು ಕಡ್ಡಾಯ. ನಿಮ್ಮ 18 ಯೂರೋ ಬಾಟಲಿ ಬಹುಮಟ್ಟಿಗೆ ಈ ವರ್ಗಕ್ಕೆ ಸೇರಿದ್ದಾಗಿರುತ್ತದೆ. ರೀಮ್ಸ್‌ನ ಕ್ಲಿಕೋ ಶಾಂಪೇನ್ ಮನೆತನದಲ್ಲಿ ಕೆಲಸ ಕಲಿತಿದ್ದ ಗೇಯೋರ್ಗ್ ಕ್ರಿಸ್ಟಿಯಾನ್ ಕೆಸ್ಲರ್ 1826ರಲ್ಲಿ ಎಸ್ಲಿಂಗೆನ್ ಪಟ್ಟಣದಲ್ಲಿ ತನ್ನ ಸಂಸ್ಥೆ ಆರಂಭಿಸಿದ ಕಾಲದಿಂದಲೂ ಸೆಕ್ಟ್ ಬಹುಪಾಲು ವೈನ್ ಕೊಂಡು ತಯಾರಿಸುವ ಸಂಸ್ಥೆಗಳ ಉದ್ಯಮವಾಗಿತ್ತು. ಬೆಳೆಗಾರರು ತಮ್ಮ ಹೆಸರಿನಲ್ಲೇ ಅದನ್ನು ಮಾರುವ ರೂಢಿ ಬಲಗೊಂಡದ್ದು 1980ರ ದಶಕದಿಂದೀಚೆಗೆ.

ಇನ್ನು ಗುಳ್ಳೆಯ ವಿಷಯ. ಸಿದ್ಧ ವೈನಿಗೆ ಸಕ್ಕರೆ ಮತ್ತು ಯೀಸ್ಟ್ ಬೆರೆಸಿ ಎರಡನೆಯ ಬಾರಿ ಹುದುಗಿಸಿದಾಗ ಹುಟ್ಟುವ ಅನಿಲ ಹೊರಹೋಗಲಾರದೆ ವೈನಿನಲ್ಲೇ ಕರಗುತ್ತದೆ. ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಹಾಕಿದರೆ 6 ಬಾರ್ ಒತ್ತಡ ಬರುತ್ತದೆ. ಅಗ್ಗದ ಸೆಕ್ಟ್‌ನಲ್ಲಿ ಈ ಕೆಲಸ ದೊಡ್ಡ ಉಕ್ಕಿನ ಟ್ಯಾಂಕಿನಲ್ಲಿ ನಡೆಯುತ್ತದೆ. ಒಟ್ಟು 6 ತಿಂಗಳಲ್ಲಿ ಸರಕು ಹೊರಬೀಳಬಹುದು. ವಿನ್‌ಝರ್‌ಸೆಕ್ಟ್‌ನಲ್ಲಾದರೋ ಪ್ರತಿಯೊಂದು ಬಾಟಲಿಯೊಳಗೂ ಬೇರೆಬೇರೆಯಾಗಿ ಹುದುಗುವಿಕೆ ನಡೆದು, ಯೀಸ್ಟಿನ ಗಸಿಯ ಜೊತೆ ಕನಿಷ್ಠ 9 ತಿಂಗಳು ಇರಬೇಕು. ಅನೇಕ ಬೆಳೆಗಾರರು ಎರಡು-ಮೂರು ವರ್ಷ ಇಡುತ್ತಾರೆ. ಆಮೇಲೆ ಬಾಟಲಿಯನ್ನು ತಲೆಕೆಳಗಾಗಿ ವಾಲಿಸಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಗಸಿಯನ್ನು ಬಾಟಲಿಯ ಕುತ್ತಿಗೆಗೆ ಇಳಿಸಿ, ಅದನ್ನು ಹೊರಚಿಮ್ಮಿಸಿ, ಬೇಕಾದಷ್ಟು ಸಿಹಿ ಸೇರಿಸಿ ಬಿರಡೆ ಹಾಕುತ್ತಾರೆ. ಕೂಲಿಯ ಜೊತೆಗೆ, ವರ್ಷಗಟ್ಟಲೆ ಮಾರದೆ ಇಟ್ಟ ಸರಕಿನ ಬಂಡವಾಳವೂ ಬೆಲೆಯಲ್ಲಿ ಸೇರುತ್ತದೆ.

ತೋಟದಲ್ಲಿಯೂ ಖರ್ಚು ಕಡಿಮೆಯಲ್ಲ. ಮೋಸೆಲ್ ನದಿಯ ಕಡಿದಾದ ಇಳಿಜಾರುಗಳಲ್ಲಿ ಯಂತ್ರಕ್ಕಿಂತ ಕೈಕೆಲಸವೇ ಹೆಚ್ಚು. ಸೆಕ್ಟ್‌ಗೆ ಬೇಕಾದ ರೀಸ್ಲಿಂಗನ್ನು, ಹುಳಿ ಉಳಿದಿರುವಾಗಲೇ, ಉಳಿದ ಕೊಯ್ಲಿಗಿಂತ ಮೊದಲೇ ಕೀಳಬೇಕು. ಈ ಹುಳಿಯೇ ರೀಸ್ಲಿಂಗ್ ಸೆಕ್ಟ್‌ನ ಬೆನ್ನೆಲುಬು.

ಅಂದಮಾತ್ರಕ್ಕೆ ಟ್ಯಾಂಕಿನಲ್ಲಿ ಮಾಡಿದ್ದೆಲ್ಲ ಕೀಳು ಎಂದು ನಾನು ಹೇಳಲಾರೆ. ಶಾಂಪೇನ್‌ನಲ್ಲಿ ಮೆಚ್ಚುವ, ಸುಟ್ಟ ಬ್ರೆಡ್ಡಿನಂತಹ ವಾಸನೆ ಗಸಿಯೊಡನೆ ದೀರ್ಘಕಾಲ ಇರುವುದರಿಂದ ಬರುತ್ತದೆ. ರೀಸ್ಲಿಂಗ್‌ನ ಸೇಬು, ನಿಂಬೆ, ಪೀಚ್ ಪರಿಮಳವನ್ನು ಅದು ಕೆಲವೊಮ್ಮೆ ಮುಚ್ಚಿಹಾಕಿಬಿಡುತ್ತದೆ. ಒಳ್ಳೆಯ ಜರ್ಮನ್ ರೀಸ್ಲಿಂಗನ್ನು ಟ್ಯಾಂಕಿನಲ್ಲಿ ಎಚ್ಚರದಿಂದ ಹುದುಗಿಸಿದರೆ ಹಣ್ಣಿನ ಸೊಗಡು ಚೆನ್ನಾಗಿಯೇ ಉಳಿಯುತ್ತದೆ. 4 ಯೂರೋ ಬಾಟಲಿಯ ತೊಂದರೆ ಟ್ಯಾಂಕಿನದ್ದಲ್ಲ, ಲೆಕ್ಕದ್ದು. ಸೆಕ್ಟ್ ಮೇಲೆ 1902ರಲ್ಲಿ ಎರಡನೆಯ ವಿಲ್ಹೆಲ್ಮ್ ಚಕ್ರವರ್ತಿಯ ಕಾಲದಲ್ಲಿ, ನೌಕಾಪಡೆಯ ವೆಚ್ಚಕ್ಕೆಂದು ವಿಧಿಸಿದ ತೆರಿಗೆ ನಡುವೆ ಕೆಲವು ವರ್ಷ ನಿಂತು ಇಂದಿಗೂ ಮುಂದುವರಿದಿದೆ (ಆ ನೌಕಾಪಡೆ ಮುಳುಗಿ ನೂರು ವರ್ಷ ದಾಟಿದೆ). 750 ಮಿ.ಲೀ. ಬಾಟಲಿಗೆ ಅದು 1.02 ಯೂರೋ. ಶೇ. 19ರ ಮೌಲ್ಯವರ್ಧಿತ ತೆರಿಗೆಯನ್ನೂ ಕಳೆದರೆ 4 ಯೂರೋದಲ್ಲಿ ಉಳಿಯುವುದು ಸುಮಾರು 2.34 ಯೂರೋ, ಅದರಲ್ಲೇ ಗಾಜು, ಬಿರಡೆ, ಸಾಗಾಟ, ಅಂಗಡಿಯ ಲಾಭ ಎಲ್ಲವೂ ಸೇರಿ, ವೈನಿಗೆ ಎಷ್ಟು ಮಿಕ್ಕೀತೆಂದು ನೀವೇ ಊಹಿಸಬಹುದು. 18 ಯೂರೋ ಬಾಟಲಿಯ ಮೇಲೂ ಸೆಕ್ಟ್ ತೆರಿಗೆ ಅಷ್ಟೇ.

ಬೆಲೆ ತಿಳಿಸದ ಒಂದು ಸಂಗತಿ ಸಿಹಿಯ ಪ್ರಮಾಣ. ಚೀಟಿಯಲ್ಲಿ 'ಟ್ರೋಕೆನ್' (ಅಕ್ಷರಶಃ 'ಒಣ', ಅಂದರೆ ಸಿಹಿಯಿಲ್ಲದ್ದು) ಎಂದಿದ್ದರೆ ಸಾಮಾನ್ಯ ವೈನಿನಲ್ಲಿ ಸಕ್ಕರೆ ಲೀಟರಿಗೆ ಹೆಚ್ಚೆಂದರೆ 9 ಗ್ರಾಂ. ಸೆಕ್ಟ್‌ನಲ್ಲಿ ಅದೇ ಪದಕ್ಕೆ 17ರಿಂದ 32 ಗ್ರಾಂ. ಸಿಹಿ ಬೇಡವೆನ್ನುವವರು 12 ಗ್ರಾಂ ಮೀರದ 'ಬ್ರುಟ್' ಅಥವಾ 6 ಗ್ರಾಂ ಮೀರದ 'ಎಕ್ಸ್‌ಟ್ರಾ ಬ್ರುಟ್' ಆರಿಸಬೇಕು. ಹಾಗೆಯೇ ಚೀಟಿಯಲ್ಲಿ ಬರೀ 'ಫ್ಲಾಶೆನ್‌ಗೇರುಂಗ್' (ಬಾಟಲಿಯಲ್ಲಿ ಹುದುಗುವಿಕೆ) ಎಂದಿದ್ದರೆ, ಬಾಟಲಿಯಲ್ಲಿ ಹುದುಗಿದ ವೈನನ್ನು ಮತ್ತೆ ಟ್ಯಾಂಕಿಗೆ ಸುರಿದು ಸೋಸಿರಲೂಬಹುದು. ಮೇಲೆ ವಿವರಿಸಿದ ಪೂರ್ಣ ಕ್ರಮಕ್ಕೆ ಹಣ ಕೊಡುತ್ತಿದ್ದೀರೆಂದರೆ ಆ ಪದಕ್ಕೆ ಮೊದಲು 'ಟ್ರಾಡಿಟ್ಸಿಯೊನೆಲೆ' (ಸಾಂಪ್ರದಾಯಿಕ) ಎಂಬ ಪದವೂ ಇದೆಯೇ ಎಂದು ನೋಡಿಕೊಳ್ಳಿ.