ಜಿಯೋಸಿಟೀಸ್‌ನಲ್ಲಿ ನಿಮ್ಮ ಮನೆ ನಂಬರ್ ಎಷ್ಟಿತ್ತು?

ಜಿಯೋಸಿಟೀಸ್ ಅಂದ್ರೆ ಯಾರು ಬೇಕಾದ್ರೂ ಪುಕ್ಕಟೆಯಾಗಿ ಸ್ವಂತ ವೆಬ್ ಪುಟ ಮಾಡ್ಕೊಳ್ಳೋಕೆ ಇದ್ದ ಸೈಟು. ಅಲ್ಲಿನ ಒಂದು ಪುಟ ನೆನೆಸಿಕೊಳ್ಳಿ: ಕಪ್ಪು ಹಿನ್ನೆಲೆ, ಅದ್ರ ಮೇಲೆ ಮಿಣಮಿಣ ಅನ್ನೋ ನಕ್ಷತ್ರ, ಕಣ್ಣು ಚುಚ್ಚೋ ಹಳದಿ ಅಕ್ಷರ. ಮಧ್ಯದಲ್ಲಿ ಒಬ್ಬ ಪುಟಾಣಿ ಮನುಷ್ಯ ಒಂದೇ ಸಮನೆ ಮಣ್ಣು ಅಗೀತಾ ಇರ್ತಾನೆ, ಪಕ್ಕದಲ್ಲಿ 'ಅಂಡರ್ ಕನ್‌ಸ್ಟ್ರಕ್ಷನ್' ಬೋರ್ಡು. ಯಾರೂ ಕೇಳದೇ ಇದ್ರೂ ಮಿಡಿ ಸಂಗೀತ (ಕಂಪ್ಯೂಟರೇ ನುಡಿಸೋ ಟ್ಯೂನು) ಶುರುವಾಗತ್ತೆ, ಅದನ್ನ ನಿಲ್ಲಿಸೋ ಬಟನ್ ಎಲ್ಲಿದೆ ಅಂತ ಹುಡುಕಿದ್ರೂ ಸಿಗಲ್ಲ. ಕೆಳಗಡೆ ಬಂದವರು ನಾಲ್ಕು ಮಾತು ಬರೆದು ಹೋಗೋ ಗೆಸ್ಟ್‌ಬುಕ್, ಅದ್ರ ಕೆಳಗೆ ಒಂದು ಕೌಂಟರ್, ನೀವು 347ನೇ ಅತಿಥಿ ಅಂತ (ಅದ್ರಲ್ಲಿ ಮುನ್ನೂರು ಸಲ ಬಂದಿದ್ದು ಪುಟ ಮಾಡಿದವನೇ ಅನ್ನೋದು ಬೇರೆ ಮಾತು).

ತೊಂಬತ್ತರ ದಶಕದ ಕೊನೇಲಿ ನೆಟ್ ನೋಡಿದವರಿಗೆ ಇಷ್ಟು ಹೇಳಿದ್ರೆ ಸಾಕು, ಅಯ್ಯೋ ಹೌದಲ್ವಾ ಅಂತಾರೆ. ನಿಜ ಹೇಳ್ಬೇಕಂದ್ರೆ ಆ ಪುಟಗಳು ಚೆನ್ನಾಗೇನೂ ಇರ್ಲಿಲ್ಲ. ಮತ್ತೆ ಯಾಕಿಷ್ಟು ನೆನಪು?

ಸ್ವಲ್ಪ ಹಿಂದಕ್ಕೆ ಹೋಗೋಣ. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಯುರೋಪಿನ ಸರ್ನ್ ಅನ್ನೋ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಕೂತು ಮಾಡಿದ ಮೊದಲ ವೆಬ್‌ಸೈಟು 1991ರಲ್ಲಿ ಹೊರಗಿನವರಿಗೆ ಸಿಕ್ತು, ಅದ್ರಲ್ಲಿ ಬರೀ ಅಕ್ಷರ ಮತ್ತೆ ಲಿಂಕು. 1993ರಲ್ಲಿ ಮೊಸಾಯಿಕ್ ಬ್ರೌಸರ್ ಬಂದು ಅಕ್ಷರದ ಮಧ್ಯೆನೇ ಚಿತ್ರ ಕಾಣೋಕೆ ಶುರುವಾದ್ಮೇಲೆ ಜನಸಾಮಾನ್ಯರಿಗೂ ಆಸೆ ಹುಟ್ಟಿತು. ಯಾಹೂ ಕೂಡ 1994ರಲ್ಲಿ ಇಬ್ರು ವಿದ್ಯಾರ್ಥಿಗಳು ತಮಗಿಷ್ಟವಾದ ಸೈಟುಗಳನ್ನ ಪಟ್ಟಿ ಮಾಡಿ ಇಟ್ಟಿದ್ದು ಅಷ್ಟೇ.

ಅದೇ ವರ್ಷ ಶುರುವಾಗಿದ್ದು ಮುಂದೆ ಜಿಯೋಸಿಟೀಸ್ ಅನ್ನಿಸಿಕೊಂಡ ಕಂಪನಿ. ಪುಕ್ಕಟೆ ಜಾಗ ಕೊಡ್ತಿದ್ರು, ಆದ್ರೆ ಕೊಡ್ತಿದ್ದ ರೀತಿ ಮಜಾ ಇತ್ತು. ಇಡೀ ಸೈಟನ್ನ ಒಂದು ಊರು ಅಂದ್ಕೊಂಡು ಬಡಾವಣೆ ಮಾಡಿದ್ರು. ಸೈನ್ಸ್ ಫಿಕ್ಷನ್ ಹುಚ್ಚಿರೋರು ಏರಿಯಾ 51ಗೆ, ಕಂಪ್ಯೂಟರ್‌ನೋರು ಸಿಲಿಕಾನ್ ವ್ಯಾಲಿಗೆ, ರಾಕ್ ಸಂಗೀತದವರು ಸನ್‌ಸೆಟ್ ಸ್ಟ್ರಿಪ್‌ಗೆ. ಒಳಗೆ ಒಂದು ಖಾಲಿ ಜಾಗ ಹಿಡಿದ್ರೆ ನಾಲ್ಕಂಕಿ ಮನೆ ನಂಬರ್ ಸಿಗ್ತಿತ್ತು, ವೆಬ್ ವಿಳಾಸದಲ್ಲೂ ಬಡಾವಣೆ ಹೆಸರು, ಆಮೇಲೆ ಆ ನಂಬರ್.

ಕೋಡ್ ಯಾರೂ ಕ್ಲಾಸಿಗೆ ಹೋಗಿ ಕಲೀಲಿಲ್ಲ. ಇನ್ನೊಬ್ಬರ ಪುಟ ಇಷ್ಟ ಆಯ್ತಾ, ಪುಟದ ಹಿಂದಿನ ಕೋಡ್ ತೋರಿಸೋ ವ್ಯೂ ಸೋರ್ಸ್ ಒತ್ತಿ, ಬೇಕಾದ ಸಾಲು ಕಾಪಿ ಮಾಡಿ, ಹೆಸರು ಬದಲಾಯಿಸಿ, ನಮ್ಮದಕ್ಕೆ ಅಂಟಿಸಿದ್ರೆ ಮುಗೀತು, ಒಂದು ಟ್ಯಾಗ್ (ದಪ್ಪ ಅಕ್ಷರ ಎಲ್ಲಿಂದ ಎಲ್ಲಿವರೆಗೆ ಅಂತೆಲ್ಲಾ ಹೇಳೋ ಕೋಡ್ ಗುರುತು) ಮುಚ್ಚೋದು ಮರೆತ್ರೆ ಪುಟದ ಅರ್ಧ ಭಾಗ ದಪ್ಪ ಅಕ್ಷರ ಆಗೋಗ್ತಿತ್ತು, ಆಗ ಮತ್ತೆ ರಾತ್ರಿಯೆಲ್ಲಾ ಹುಡುಕಾಟ. ನನಗನ್ಸೋ ಪ್ರಕಾರ ಜನ ನೆನೆಸಿಕೊಳ್ಳೋದು ಇದನ್ನೇ. ನಕ್ಷತ್ರನೂ ಅಲ್ಲ, ಮಿಡಿನೂ ಅಲ್ಲ, ಕೆಟ್ಟದಾಗಿ ಇದ್ರೂ ಇದು ನಾನು ಕಟ್ಟಿದ್ದು ಅನ್ನೋ ಭಾವನೆ.

ಆದ್ರೆ ಜಾಗ ಮಾತ್ರ ನಮ್ಮದಾಗಿರ್ಲಿಲ್ಲ. 1999ರಲ್ಲಿ ಯಾಹೂ ಸುಮಾರು 357 ಕೋಟಿ ಡಾಲರ್ ಮೌಲ್ಯದ ಶೇರು ಕೊಟ್ಟು ಜಿಯೋಸಿಟೀಸ್ ಕೊಂಡುಕೊಳ್ತು. ಅದೇ ವರ್ಷ ಹೊಸ ಷರತ್ತು ಬಂತು, ನೀವು ಹಾಕಿದ್ದನ್ನೆಲ್ಲಾ ನಾವು ಹೇಗೆ ಬೇಕಾದ್ರೂ ಬಳಸಬಹುದು ಅನ್ನೋ ಅರ್ಥದ್ದು. ಜನ ತಿರುಗಿಬಿದ್ರು, ಯಾಹೂ ಹಿಂದೆ ಸರೀತು, ಆದ್ರೆ ಹೊಸಬರಿಗೆ ಬಡಾವಣೆ ಲೆಕ್ಕ ಹೋಗಿ ಬರೀ ಯೂಸರ್‌ನೇಮ್ ಉಳೀತು. ಅಷ್ಟರಲ್ಲಿ ಕಾಲನೂ ಬದಲಾಯ್ತು. 2004ರಲ್ಲಿ ಆರ್ಕುಟ್ ಬಂತು, ಫೇಸ್‌ಬುಕ್ ಬಂತು. ಫಾರ್ಮ್ ತುಂಬಿದ್ರೆ ಪುಟ ರೆಡಿ, ಸ್ನೇಹಿತರೆಲ್ಲಾ ಅಲ್ಲೇ ಇದ್ದಾರೆ, ಟ್ಯಾಗ್ ಮುಚ್ಚೋ ತಲೆನೋವು ಯಾರಿಗೆ ಬೇಕು? ನಾವೇ ಬಿಟ್ಟು ಹೋದ್ವಿ, ಇದನ್ನ ಒಪ್ಕೋಬೇಕು.

2009ರ ಅಕ್ಟೋಬರ್ 26ಕ್ಕೆ ಜಿಯೋಸಿಟೀಸ್ ಮುಚ್ಚಿದ್ರು, ಜಪಾನ್‌ನಲ್ಲಿ ಮಾತ್ರ 2019ರವರೆಗೆ ಉಳೀತು. ಮುಚ್ಚೋ ಸುದ್ದಿ ಬಂದ ಮೇಲೆ ಆರ್ಕೈವ್ ಟೀಮ್ ಅನ್ನೋ ಸ್ವಯಂಸೇವಕರ ಗುಂಪು ಹಗಲೂ ರಾತ್ರಿ ಕೂತು ಸಿಕ್ಕಷ್ಟನ್ನ ಇಳಿಸಿಕೊಂಡು ಮರುವರ್ಷ ಟೊರೆಂಟ್ ಆಗಿ, ಅಂದ್ರೆ ಯಾರು ಬೇಕಾದ್ರೂ ಇಳಿಸಿಕೊಳ್ಳೋ ಹಾಗೆ, ಹಂಚಿತು. ಅಷ್ಟೊಂದು ಜನರ ಪುಟ ಸೇರಿಸಿದ್ರೂ ಒಂದು ಟೆರಾಬೈಟ್ ಆಸುಪಾಸು ಅಷ್ಟೇ, ಈಗ ಜೇಬಲ್ಲಿ ಹಿಡಿಯೋ ಡಿಸ್ಕಿಗೆ ಸಾಲತ್ತೆ. ಹಳೇದರ ಮೇಲಿನ ಈ ಮೋಹ ಜೋರಾಗಿದ್ದೂ ಆಮೇಲೇನೇ ಅನ್ಸತ್ತೆ. 2013ರಲ್ಲಿ ಅದೇ ಮಾದರಿಯಲ್ಲಿ ನಿಯೋಸಿಟೀಸ್ ಶುರುವಾಯ್ತು, ಈಗಲೂ ಅಲ್ಲಿ ಕೈಯಾರೆ ಪುಟ ಮಾಡೋರಿದ್ದಾರೆ, ಅದ್ರಲ್ಲಿ ಎಷ್ಟೋ ಜನ ಜಿಯೋಸಿಟೀಸ್ ಕಾಲಕ್ಕೆ ಹುಟ್ಟೇ ಇರ್ಲಿಲ್ಲ.

ಅದೇ ಹಳೇ ನೆಟ್‌ನಲ್ಲಿ ಬ್ರೌಸರ್ ಒಳಗೇ ಆಡ್ತಿದ್ದ ಫ್ಲ್ಯಾಶ್ ಆಟಗಳ ಕಥೆ ಬೇರೆ. ಅವು ಸೈಟ್ ಮುಚ್ಚಿ ಹೋಗಿದ್ದಲ್ಲ, 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್ ಪ್ಲೇಯರ್‌ನೇ ಕೈಬಿಡ್ತು, ಫೈಲ್ ಇದ್ರೂ ಓಡಿಸೋರಿಲ್ಲ. ಫ್ಲ್ಯಾಶ್ ಪ್ಲೇಯರ್ ಕೆಲಸ ತಾನೇ ಮಾಡೋ ರಫಲ್ ಅನ್ನೋ ಎಮ್ಯುಲೇಟರ್ ಬಂದು ಒಂದಷ್ಟು ಮತ್ತೆ ಓಡ್ತಿವೆ.

ನಿಮ್ಮದೇ ಹಳೇ ಪುಟ ನೋಡ್ಬೇಕು ಅನ್ಸಿದ್ರೆ ವೇಬ್ಯಾಕ್ ಮಷೀನ್ ಇದೆ, ಇಂಟರ್ನೆಟ್ ಆರ್ಕೈವ್‌ನೋರು 1996ರಿಂದ ಪುಟಗಳನ್ನ ಎತ್ತಿಡ್ತಾ ಬಂದಿದ್ದಾರೆ. ಒಂದೇ ತೊಂದರೆ. ಅಲ್ಲಿ ಹಳೇ ಪುಟ ತೆಗೀಬೇಕಂದ್ರೆ ಪೂರ್ತಿ ವಿಳಾಸ ಹಾಕ್ಬೇಕು. ಏರಿಯಾ 51 ಅನ್ನೋದು ಎಲ್ರಿಗೂ ನೆನಪಿರತ್ತೆ, ಅದ್ರ ಮುಂದಿನ ನಾಲ್ಕಂಕಿ ಏನಿತ್ತು ಅಂತ ಕೇಳಿದ್ರೆ ಎಲ್ಲಾ ತಲೆ ಕೆರ್ಕೊಳ್ತಾರೆ.