ಬಿಸಿಲು ಅಂತ ಟೈರಿನ ಹವಾ ಇಳಿಸಬೇಡಿ

ಮಾರ್ಚ್ ಮುಗಿಯುವ ಹೊತ್ತಿಗೆ ಕಲಬುರಗಿ, ರಾಯಚೂರು ಕಡೆಯ ಪಂಕ್ಚರ್ ಅಂಗಡಿಗಳಲ್ಲಿ ಒಂದೇ ಮಾತು: ‘ಅಣ್ಣಾ, ಬಿಸಿಲು ಭಾಳ ಅದ, ಹವಾ ನಾಕು ಪಾಯಿಂಟ್ ಕಡಿಮಿ ಇಡ್ರಿ.’ ಹೀಗೆ ಹೇಳುವವರಲ್ಲಿ ಹೊಸಬರಷ್ಟೇ ಇಲ್ಲ, ವರ್ಷಗಟ್ಟಲೆ ಬೈಕ್ ಓಡಿಸಿದವರೂ ಇದ್ದಾರೆ. ಹಿಂದೆ ಹೆಂಡತಿ, ಮಕ್ಕಳು ಕೂರುತ್ತಾರೆ, ದಾರಿಯಲ್ಲಿ ಟೈರು ಒಡೆಯಬಾರದು ಎಂಬ ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ಯಾವುದಕ್ಕೆ ಹೆದರುತ್ತಾರೋ ಅದನ್ನೇ ಕೈಯಾರೆ ತಂದುಕೊಳ್ಳುತ್ತಾರೆ. ಹೆಲ್ಮೆಟ್, ತುಂಬುತೋಳಿನ ಅಂಗಿ, ನೀರು, ಇವೆಲ್ಲ ಎಲ್ಲರಿಗೂ ಗೊತ್ತಿರುವುದೇ. ಈ ಹವಾದ ವಿಷಯ ಮಾತ್ರ ಎಷ್ಟು ಹೇಳಿದರೂ ತಲೆಗೆ ಹೋಗುತ್ತಿಲ್ಲ.

ಬಿಸಿಗೆ ಗಾಳಿ ಹಿಗ್ಗುತ್ತದೆ, ನಿಜ. ಎಷ್ಟು ಎಂಬುದೇ ಪ್ರಶ್ನೆ. ಬೈಕ್ ಟೈರಿನೊಳಗೆ ಹತ್ತು ಡಿಗ್ರಿ ಬಿಸಿ ಏರಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ (ಅಂಗಡಿಯಲ್ಲಿ ‘ಪಾಯಿಂಟ್’ ಎನ್ನುವ ಹವಾದ ಅಳತೆ) ಏರುತ್ತದೆ. ಬೆಳಿಗ್ಗೆ 27 ಡಿಗ್ರಿಯಲ್ಲಿ 28 ತುಂಬಿಸಿದ ಟೈರು ಮಧ್ಯಾಹ್ನ ಓಡಿ 62 ಡಿಗ್ರಿಗೆ ಬಂದರೆ ಮೀಟರು 33ರ ಆಸುಪಾಸು ತೋರಿಸುತ್ತದೆ. ಸುಸ್ಥಿತಿಯಲ್ಲಿರುವ ಟೈರಿಗೆ ಈ ಐದು ಪಾಯಿಂಟ್ ಏನೂ ಅಲ್ಲ. ಚೈನ್ ಕವರ್ ಮೇಲಿನ ಸ್ಟಿಕ್ಕರ್‌ನಲ್ಲಿ ಕಂಪನಿ ಕೊಟ್ಟಿರುವ ಲೆಕ್ಕ ತಣ್ಣಗಿರುವ ಟೈರಿನದು. ಓಡಿದ ಮೇಲೆ ಏರುವ ಒತ್ತಡವನ್ನು ಗಮನದಲ್ಲಿಟ್ಟೇ ಅದನ್ನು ನಿಗದಿ ಮಾಡಿರುತ್ತಾರೆ.

ಈಗ ಆ 33 ನೋಡಿ ಗಾಬರಿಯಾಗಿ 28ಕ್ಕೆ ಇಳಿಸಿದಿರಿ ಅನ್ನಿ. ಮರುದಿನ ಬೆಳಿಗ್ಗೆ ಟೈರು ತಣ್ಣಗಾದಾಗ ಉಳಿಯುವುದು 23 ಚಿಲ್ಲರೆ. ಅದರ ಮೇಲೆ ಮೂವರು ಕೂತು, ಟ್ಯಾಂಕಿನ ಮೇಲೊಂದು ಚೀಲ ಇಟ್ಟುಕೊಂಡು ಮದುವೆಗೆ ಹೊರಟರೆ? ಇಬ್ಬರಿಗೇ ಹಿಂದಿನ ಟೈರಿಗೆ 32 ಅಥವಾ ಅದಕ್ಕೂ ಹೆಚ್ಚು ಬೇಕಿತ್ತು.

ಹವಾ ಕಡಿಮೆಯಾದ ಟೈರಿಗೆ ಅಪಾಯ ಬರುವುದು ಬಿಸಿಲಿನಿಂದಲ್ಲ, ಮಣಿತದಿಂದ. ನೆಲ ಮುಟ್ಟುವ ಜಾಗದಲ್ಲಿ ಟೈರಿನ ಸೈಡು ಉಬ್ಬಿ, ಮುಂದಕ್ಕೆ ಹೋಗುತ್ತಲೇ ನೆಟ್ಟಗಾಗುತ್ತದೆ. 18 ಇಂಚಿನ ಚಕ್ರ 60 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಐನೂರಕ್ಕೂ ಹೆಚ್ಚು ಸುತ್ತು ಸುತ್ತುತ್ತದೆ. ಅಂದರೆ ಟೈರಿನ ಪ್ರತಿಯೊಂದು ಭಾಗವೂ ಅಷ್ಟು ಸಲ ಮಣಿಯುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಮಣಿಸಿದರೆ ಬಿಸಿಯಾಗುವ ಹಾಗೆ ರಬ್ಬರು ಒಳಗಿನಿಂದಲೇ ಕಾಯುತ್ತದೆ. ಹವಾ ಕಡಿಮೆ ಇದ್ದಷ್ಟೂ ಮಣಿತ ಹೆಚ್ಚು, ಬಿಸಿಯೂ ಹೆಚ್ಚು. ಕೆಳಗೆ ಕಾದ ಡಾಂಬರು ಇರುವಾಗ ಆ ಬಿಸಿ ಹೊರಗೆ ಹೋಗುವುದೂ ನಿಧಾನ. ಕೊನೆಗೆ ಒಳಗಿನ ನೂಲಿನ ಪದರ ರಬ್ಬರಿನಿಂದ ಬಿಡುತ್ತದೆ. ಟೈರು ಒಡೆದವರು ‘ಹವಾ ಜಾಸ್ತಿ ಆಗಿತ್ತು’ ಎಂದುಕೊಂಡು ಮುಂದಿನ ಸಲ ಇನ್ನೂ ಕಡಿಮೆ ಇಡುತ್ತಾರೆ. ಇದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ.

ಟ್ಯೂಬ್ ಇರುವ ಚಕ್ರದಲ್ಲಿ ಇನ್ನೊಂದು ತೊಂದರೆ. ಹವಾ ಕಡಿಮೆಯಾದರೆ ರಿಮ್ ಮೇಲೆ ಟೈರು ಸ್ವಲ್ಪಸ್ವಲ್ಪವೇ ಜರುಗುತ್ತದೆ, ಟ್ಯೂಬನ್ನೂ ಎಳೆದುಕೊಂಡು ಹೋಗುತ್ತದೆ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ವಾಲ್ವ್ ನೋಡಿ. ರಿಮ್ಮಿನಿಂದ ನೇರವಾಗಿ ಹಬ್ (ಚಕ್ರದ ನಡುಭಾಗ) ಕಡೆಗೆ ನಿಂತಿರಬೇಕು. ಒಂದು ಕಡೆ ವಾಲಿದ್ದರೆ ಬುಡದಲ್ಲಿ ಟ್ಯೂಬ್ ಹರಿಯುವ ಹಂತದಲ್ಲಿದೆ ಅಂತಲೇ ಲೆಕ್ಕ. ಅಲ್ಲಿ ಹರಿದರೆ ಪ್ಯಾಚ್ ನಿಲ್ಲುವುದಿಲ್ಲ, ಗಾಳಿ ಒಮ್ಮೆಲೇ ಹೋಗುತ್ತದೆ. ಟೈರು ಬಿಚ್ಚಿಸಿ ಟ್ಯೂಬ್ ಪರೀಕ್ಷಿಸಿ ಸರಿಯಾಗಿ ಕೂರಿಸಬೇಕು. ಮೂರ್ನಾಲ್ಕು ಪ್ಯಾಚ್ ಇರುವ ಟ್ಯೂಬಾದರೆ ಬೇಸಿಗೆಗೆ ಮುಂಚೆ ಬದಲಾಯಿಸುವುದು ಒಳ್ಳೆಯದು, ಏಕೆಂದರೆ ಬಿಸಿಗೆ ಸಲ್ಯೂಷನ್ ಬಿಡುತ್ತದೆ.

ಹಾಗಾದರೆ ಎಷ್ಟಿಡಬೇಕು? ಸ್ಟಿಕ್ಕರ್‌ನಲ್ಲಿ ಇದ್ದಷ್ಟೇ, ಬೇಸಿಗೆಯಲ್ಲೂ. ಹಲವು 100–150 ಸಿಸಿ ಬೈಕುಗಳಿಗೆ ಮುಂದಿನ ಟೈರಿಗೆ 25, ಒಬ್ಬರೇ ಓಡಿಸುವಾಗ ಹಿಂದಿನದಕ್ಕೆ 28 ಇರುತ್ತದೆ, ಆದರೂ ನಿಮ್ಮ ಗಾಡಿಯ ಸ್ಟಿಕ್ಕರೇ ಅಂತಿಮ. ಟೈರಿನ ಸೈಡಿನಲ್ಲಿ ‘ಮ್ಯಾಕ್ಸ್’ ಎಂದು ಅಚ್ಚಾಗಿರುವುದು ಮೇಲ್ಮಿತಿ, ಅಷ್ಟು ತುಂಬಿಸಲು ಹೇಳಿದ್ದಲ್ಲ. ಮೈಲೇಜ್ ಆಸೆಗೆ ಮುಂದಿನ ಟೈರಿಗೆ 40 ತುಂಬುವುದೂ ತಪ್ಪು. ನೆಲದ ಮೇಲಿನ ಹಿಡಿತ ಕಡಿಮೆಯಾಗಿ ಬ್ರೇಕ್ ಹಿಡಿದಾಗ ಜಾರುತ್ತದೆ. ಬೆಳಿಗ್ಗೆ, ಗಾಡಿ ಕನಿಷ್ಠ ಮೂರು ತಾಸು ನೆರಳಲ್ಲಿ ನಿಂತ ಮೇಲೆ, ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡಿಸದೆ ಅಳೆಯಿರಿ. ಹದಿನೈದು ದಿನಕ್ಕೊಮ್ಮೆ ಸಾಕು, ದೂರದ ಊರಿಗೆ ಹೊರಟ ದಿನ ಮಾತ್ರ ತಪ್ಪಿಸಬೇಡಿ. ರಸ್ತೆ ಬದಿಯ ಕಂಪ್ರೆಸರ್ ಮೀಟರುಗಳು ಎಷ್ಟೋ ಸಲ ಮೂರ್ನಾಲ್ಕು ಪಾಯಿಂಟ್ ಅತ್ತಿತ್ತ ಇರುತ್ತವೆ. ಪೆನ್ನಿನಂಥ ಸಣ್ಣ ಗೇಜ್ ಒಂದನ್ನು ಸ್ವಂತಕ್ಕೆ ಇಟ್ಟುಕೊಳ್ಳಿ. ಬಿಸಿ ಟೈರಿನಿಂದ ಗಾಳಿ ಬಿಡಲೇಬೇಡಿ. ನೈಟ್ರೋಜನ್ ಹಾಕಿಸಿದರೆ ಹಿಗ್ಗುವುದಿಲ್ಲ ಎಂಬುದೂ ಸುಳ್ಳು. ಅದೂ ಹೆಚ್ಚುಕಡಿಮೆ ಅಷ್ಟೇ ಹಿಗ್ಗುತ್ತದೆ, ಸಾದಾ ಗಾಳಿಯಲ್ಲೂ ನೂರಕ್ಕೆ 78 ಪಾಲು ಅದೇ ಇದೆ.

ಒಂದು ಎಚ್ಚರಿಕೆ: ಈ ಮಾತೆಲ್ಲ ಚೆನ್ನಾಗಿರುವ ಟೈರಿಗೆ. ಸೈಡಿನಲ್ಲಿ ಬಿರುಕು, ಉಬ್ಬು, ನೂಲು ಕಾಣುವ ಗಾಯ ಇದ್ದರೆ ಯಾವ ಒತ್ತಡವೂ ಅದನ್ನು ಕಾಪಾಡುವುದಿಲ್ಲ, ಬದಲಾಯಿಸಬೇಕು. ಸೈಡಿನ ನಾಲ್ಕು ಅಂಕಿಯ ಮುದ್ರೆ ನೋಡಿ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಬಟನ್ (ನೆಲ ಮುಟ್ಟುವ ಮೈಯ ಅಚ್ಚು) ಉಳಿದಿದ್ದರೂ ಐದು ವರ್ಷ ದಾಟಿದ ಟೈರನ್ನು ತಿಳಿದವರಿಗೆ ತೋರಿಸಿಯೇ ಮುಂದುವರಿಯಿರಿ.

ಓಡುವಾಗಲೇ ಟೈರು ಹೋದರೆ ಹ್ಯಾಂಡಲ್ ಗಟ್ಟಿಯಾಗಿ ನೇರ ಹಿಡಿದು, ಆಕ್ಸಿಲರೇಟರ್ ಮೆಲ್ಲಗೆ ಬಿಡಿ. ಬ್ರೇಕನ್ನು ಗಕ್ಕನೆ ಒತ್ತಬೇಡಿ. ಹಿಂದಿನ ಟೈರು ಹೋಗಿದ್ದರೆ ಮುಂದಿನ ಬ್ರೇಕ್ ಹಗುರವಾಗಿ, ಮುಂದಿನದು ಹೋಗಿದ್ದರೆ ಹಿಂದಿನದು ಹಗುರವಾಗಿ. ವೇಗ ಪೂರ್ತಿ ತಗ್ಗಿದ ಮೇಲೆ ರಸ್ತೆ ಬದಿಗೆ ತನ್ನಿ.

ಇನ್ನು ರಸ್ತೆ. ನಮ್ಮ ರಸ್ತೆಗಳಿಗೆ ಹೆಚ್ಚಾಗಿ ಬಳಸುವ ವಿಜಿ–30 ಎಂಬ ದರ್ಜೆಯ ಡಾಂಬರಿಗೆ ಮಾನಕ ಪ್ರಕಾರ ಮೆದುವಾಗುವ ಬಿಂದು ಕನಿಷ್ಠ 47 ಡಿಗ್ರಿ ಇರಬೇಕು. ಗಾಳಿ 42 ಡಿಗ್ರಿ ಇರುವ ಮಧ್ಯಾಹ್ನ ಕಪ್ಪು ರಸ್ತೆಯ ಮೈ 60 ದಾಟುತ್ತದೆ. ಡಾಂಬರು ಹೆಚ್ಚಾಗಿ ಬಿದ್ದಿರುವ ಕಡೆ, ಲಾರಿ ಚಕ್ರಗಳು ಒತ್ತಿ ಒತ್ತಿ ಅದು ಜಲ್ಲಿಯ ಸಂದಿಯಿಂದ ಮೇಲೆ ಬರುತ್ತದೆ. ಬಸ್ ನಿಲ್ದಾಣ, ಸಿಗ್ನಲ್, ಏರು, ಲೋಡ್ ಟ್ರ್ಯಾಕ್ಟರ್ ಓಡಾಡುವ ದಾರಿ, ಇಲ್ಲೆಲ್ಲ ಚಕ್ರದ ಜಾಡಿನಲ್ಲಿ ಹೊಳೆಯುವ ಕಪ್ಪು ಪಟ್ಟಿ ಕಾಣುತ್ತದೆ. ಮಾಸಲು ಬೂದು ಬಣ್ಣದ, ಜಲ್ಲಿ ಕಾಣುವ ಭಾಗದಲ್ಲಿ ಗಾಡಿ ಓಡಿಸಿ. ಪಟ್ಟಿ ದಾಟಲೇಬೇಕಾದರೆ ಗಾಡಿ ನೆಟ್ಟಗಿಟ್ಟು, ಬ್ರೇಕನ್ನು ಮೊದಲೇ ಹಿಡಿದು ಮುಗಿಸಿ ದಾಟಿ. ಅದರ ಮೇಲೆ ವಾಲಿಸುವುದು, ಗಕ್ಕನೆ ಆಕ್ಸಿಲರೇಟರ್ ತಿರುವುವುದು ಬೇಡ. ಏಪ್ರಿಲ್–ಮೇ ತಿಂಗಳ ಮೊದಲ ಮಳೆ ಇದೇ ಪಟ್ಟಿಗಳ ಮೇಲೆ ಬಿದ್ದು, ಧೂಳು ಮತ್ತು ಸೋರಿದ ಆಯಿಲ್ ಕಲಸಿಕೊಂಡರೆ ಸಾಬೂನಿನಷ್ಟು ಜಾರುತ್ತದೆ. ಆಗ ಅರ್ಧ ತಾಸು ಎಲ್ಲಾದರೂ ನಿಂತು ಹೊರಡುವುದೇ ವಾಸಿ.

ಮೆತ್ತಗಾದ ಡಾಂಬರಿನ ಮೇಲೆ ನಿಲ್ಲಿಸುವಾಗ ಸೈಡ್ ಸ್ಟ್ಯಾಂಡಿನ ಅಡಿಗೆ ಚಪ್ಪಟೆ ಕಲ್ಲು ಇಡಿ, ಇಲ್ಲದಿದ್ದರೆ ಅದು ಇಳಿದು ಗಾಡಿ ಮಗುಚುತ್ತದೆ. ಟೈರಿಗೆ ಅಂಟಿದ ಡಾಂಬರನ್ನು ತಣ್ಣಗಾದ ಮೇಲೆ ಕಟ್ಟಿಗೆಯ ಚೂರಿನಿಂದ ಕೆರೆದು ತೆಗೆಯಿರಿ. ಡೀಸೆಲ್, ಪೆಟ್ರೋಲ್ ಹಾಕಿ ಒರೆಸಿದರೆ ರಬ್ಬರು ಕೆಡುತ್ತದೆ, ಬ್ರೇಕಿನ ಡಿಸ್ಕಿಗೆ ತಗುಲಿದರೆ ಬ್ರೇಕೂ ಹಿಡಿಯುವುದಿಲ್ಲ.